ಎರೆ ಕಣ್ಮುಂದೆ ಇದ್ರೂ ಚಪ್ಪಟೆ ಮೀನು ಯಾಕೆ ಕಚ್ಚಲ್ಲ?

ಗಾಳದ ದಾರಕ್ಕೇ ಕಟ್ಟಿ ನೀರಿಗಿಳಿಸೋ ಪುಟ್ಟ ಕ್ಯಾಮೆರಾಗಳು ಬಂದಮೇಲೆ ಗಾಳ ಹಾಕೋರಿಗೆ ಹೊಸ ತಲೆನೋವು ಶುರುವಾಗಿದೆ. ಮುಂಚೆ ಏನೂ ಕಚ್ಚಲಿಲ್ಲ ಅಂದ್ರೆ ಇಲ್ಲಿ ಮೀನಿಲ್ಲ ಅಂತ ಜಾಗ ಬದಲಾಯಿಸೋರು, ಅಲ್ಲಿಗೆ ಕಥೆ ಮುಗೀತಿತ್ತು. ಈಗ ವಿಡಿಯೋ ಹಾಕಿ ನೋಡಿದ್ರೆ ಎರೆಯಿಂದ ಒಂದು ಮೊಳ ದೂರದಲ್ಲಿ ಮರಳಿನೊಳಗಿಂದ ಎರಡು ಕಣ್ಣು ಎದ್ದಿರ್ತವೆ, ಆ ಕಣ್ಣು ಎರೆ ಕಡೇನೇ ತಿರುಗಿರ್ತವೆ, ಸ್ವಲ್ಪ ಹೊತ್ತಿಗೆ ಮೀನು ಮುಂದಕ್ಕೆ ಸರಿಯತ್ತೆ, ನಿಲ್ಲತ್ತೆ, ಎರೆಯ ತುದಿಗೆ ಬಾಯಿ ತಾಗಿಸಿದ ಹಾಗೆ ಮಾಡಿ ವಾಪಸ್ ಹೋಗಿ ಮಲಗತ್ತೆ. ಮೇಲೆ ರಾಡ್ ಹಿಡ್ಕೊಂಡು ನಿಂತೋರಿಗೆ ಇದ್ಯಾವುದೂ ಗೊತ್ತೇ ಆಗಿರಲ್ಲ.

ಆ ಮೀನು ಯಾಕೆ ಹಾಗೆ ಮಾಡ್ತು ಅನ್ನೋದಕ್ಕೆ ಉತ್ತರ ಇದೆ, ಸುಮಾರು ಚೆನ್ನಾಗೇ ಗೊತ್ತಿರೋ ಉತ್ತರ. ಆದ್ರೆ ಅದಕ್ಕೆ ಮುಂಚೆ ಮೀನಿನ ಮೈ ಸ್ವಲ್ಪ ಅರ್ಥ ಮಾಡ್ಕೋಬೇಕು, ಯಾಕಂದ್ರೆ ಎರೆ ಹತ್ರ ಇದು ಮಾಡೋದೆಲ್ಲ ಅದರ ಕಣ್ಣು, ಮೂಗು, ಬಾಯಿ ಹೇಗಿದೆ ಅನ್ನೋದರ ಮೇಲೇ ನಿಂತಿದೆ.

## ಹುಟ್ಟುವಾಗ ಇದು ಚಪ್ಪಟೆ ಅಲ್ಲ

ಚಪ್ಪಟೆ ಮೀನು ಅಂದ್ರೆ ತಳದಲ್ಲಿ ಒಂದು ಮಗ್ಗುಲಿಗೆ ಮಲಗಿ ಬದುಕೋ ಮೀನುಗಳ ದೊಡ್ಡ ಗುಂಪು, 700ಕ್ಕೂ ಹೆಚ್ಚು ಜಾತಿ ಇದಾವೆ. ನಂಗ್ ಮೀನು ನೋಡಿದೋರಿಗೆ ಆಕಾರ ಹೇಳ್ಬೇಕಿಲ್ಲ. ಪ್ಲೇಸ್ ಮೀನು, ಫ್ಲೌಂಡರ್, ಡ್ಯಾಬ್, ಸೋಲ್, ಟರ್ಬಟ್, ಬ್ರಿಲ್, ಹ್ಯಾಲಿಬಟ್ ಎಲ್ಲ ಇದೇ ಗುಂಪಿನವು. ತೊರಕೆ ಮೀನೂ ಚಪ್ಪಟೆನೇ ಅಲ್ವಾ ಅಂತ ಕೇಳಬಹುದು, ಆದ್ರೆ ತೊರಕೆ ಹೊಟ್ಟೆ ಕೆಳಗೆ ಮಾಡಿ ಮಲಗತ್ತೆ, ಇವು ಮಗ್ಗುಲಾಗಿ ಮಲಗ್ತವೆ, ಎರಡಕ್ಕೂ ಹತ್ತಿರದ ಸಂಬಂಧ ಏನೂ ಇಲ್ಲ.

ಮೊಟ್ಟೆಯಿಂದ ಹೊರಗೆ ಬಂದ ಮರಿ ಬೇರೆ ಮೀನಿನ ಮರಿಗಳ ತರಾನೇ ನೆಟ್ಟಗೆ ಈಜತ್ತೆ, ತಲೆಯ ಆ ಕಡೆ ಒಂದು ಕಣ್ಣು ಈ ಕಡೆ ಒಂದು ಕಣ್ಣು. ಕೆಲವು ವಾರ ಕಳೆದಮೇಲೆ ಥೈರಾಯ್ಡ್ ಹಾರ್ಮೋನಿನ ಏರಿಳಿತದಿಂದ ಮೈ ಬದಲಾಗೋಕೆ ಶುರುವಾಗತ್ತೆ, ಒಂದು ಕಣ್ಣು ನಿಧಾನಕ್ಕೆ ನೆತ್ತಿ ದಾಟಿ ಇನ್ನೊಂದು ಕಣ್ಣಿನ ಪಕ್ಕಕ್ಕೆ ಬರತ್ತೆ, ತಲೆಬುರುಡೆನೂ ಜೊತೇಲಿ ತಿರುಚ್ಕೊಳತ್ತೆ, ಅಷ್ಟರಲ್ಲಿ ಮರಿ ತಳಕ್ಕಿಳಿದು ಕಣ್ಣಿಲ್ಲದ ಮಗ್ಗುಲು ಕೆಳಗೆ ಮಾಡಿ ಮಲಗಿರತ್ತೆ. 1871ರಲ್ಲಿ ಮಿವಾರ್ಟ್ ಅನ್ನೋ ಜೀವಶಾಸ್ತ್ರಜ್ಞ ಡಾರ್ವಿನ್‌ಗೆ ಇದೇ ಕಣ್ಣು ತೋರಿಸಿ ಸವಾಲು ಹಾಕಿದ್ದ, ಅರ್ಧ ದಾರಿ ಬಂದ ಕಣ್ಣಿಂದ ಮೀನಿಗೆ ಏನು ಲಾಭ ಅಂತ. 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಅನ್ನೋ ಪಳೆಯುಳಿಕೆ ಸಂಶೋಧಕರು ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ನಿಜವಾಗ್ಲೂ ಅರ್ಧ ದಾರೀಲಿ ನಿಂತ ಕಣ್ಣಿರೋ ದೊಡ್ಡ ಮೀನುಗಳನ್ನ ತೋರಿಸಿದ್ರು. ಇದು ಗಾಳಕ್ಕೆ ಸಂಬಂಧ ಇಲ್ಲದ ಮಾತು, ಆದ್ರೂ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲಿಲ್ಲ.

ಗಾಳಕ್ಕೆ ಸಂಬಂಧ ಇರೋದು ಇದು: ದೊಡ್ಡದಾದ ಮೇಲೆ ಬಹುಪಾಲು ಚಪ್ಪಟೆ ಮೀನುಗಳಿಗೆ ಈಜುಚೀಲ ಇರಲ್ಲ. ಈಜುಚೀಲ ಅಂದ್ರೆ ಮೀನಿನ ಹೊಟ್ಟೆಯೊಳಗಿರೋ ಗಾಳಿ ತುಂಬಿದ ಚೀಲ, ಅದು ಇದ್ರೆ ಮೀನು ನಡುನೀರಲ್ಲಿ ಸುಮ್ನೆ ತೇಲಬಹುದು. ಅದಿಲ್ಲದ ಕಾರಣ ಇವು ಈಜೋದು ನಿಲ್ಲಿಸಿದ ಕ್ಷಣ ಕೆಳಗಿಳೀತವೆ. ಮೇಲೇಳೋದು ಅಂದ್ರೆ ಪ್ರತಿ ಸಲಾನೂ ಶಕ್ತಿ ಖರ್ಚು. ಅದಕ್ಕೇ ಸಣ್ಣ ಬಾಯಿಯ ಎಷ್ಟೋ ಜಾತಿಗಳು ತಳದಿಂದ ಎರಡಡಿ ಮೇಲೆ ತೂಗಾಡೋ ಎರೆ ಕಡೆ ತಲೆ ಕೂಡ ಎತ್ತಲ್ಲ.

ಇನ್ನೊಂದು ವಿಷಯ ಅಡಗಿ ಕೂರೋದು. ಮೈ ಅಂಚಿನ ರೆಕ್ಕೆಗಳನ್ನ ಪಟಪಟ ಅಂತ ಅಲೆ ಅಲೆಯಾಗಿ ಬಡಿದು ಮರಳು ಎಬ್ಬಿಸತ್ತೆ, ಆ ಮರಳು ಮೈ ಮೇಲೆ ಬಂದು ಕೂರತ್ತೆ, ಕೆಲವೇ ಸೆಕೆಂಡಲ್ಲಿ ಕಣ್ಣು ಬಿಟ್ಟು ಏನೂ ಕಾಣಲ್ಲ. ಕಣ್ಣುಗಳನ್ನ ಗುಡ್ಡೆ ಸಮೇತ ಮೇಲೆತ್ತಬಹುದು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಬಹುದು. ಬಣ್ಣ ಬದಲಾಯಿಸೋದರಲ್ಲಂತೂ ಕೆಲವು ಉಷ್ಣವಲಯದ ಜಾತಿಗಳು 2ರಿಂದ 8 ಸೆಕೆಂಡಲ್ಲಿ ತಳದ ಚುಕ್ಕೆ ಗೆರೆಗಳಿಗೆ ಹೊಂದ್ಕೊಳ್ತವೆ ಅಂತ ಪ್ರಯೋಗದಲ್ಲಿ ಅಳೆದಿದಾರೆ. ಆ ಬಣ್ಣ ಬದಲಾವಣೆಗೂ ಮಾಹಿತಿ ಹೋಗೋದು ಕಣ್ಣಿಂದಾನೇ.

## ಬಾಯಿ ನೋಡಿದ್ರೆ ಅರ್ಧ ಗೊತ್ತಾಗತ್ತೆ

ಚಪ್ಪಟೆ ಮೀನು ಎರೆ ಹತ್ರ ಹೀಗೆ ಮಾಡತ್ತೆ ಅಂತ ಒಂದೇ ಮಾತಲ್ಲಿ ಹೇಳೋರು ಜಾಸ್ತಿ, ಎಡವಟ್ಟು ಆಗೋದು ಅಲ್ಲೇ. 1971ರಲ್ಲಿ ಡಿ ಗ್ರೂಟ್ ಅನ್ನೋ ಡಚ್ ಸಂಶೋಧಕರು ಬೇರೆ ಬೇರೆ ಜಾತಿಗಳ ಬಾಯಿ, ಕರುಳು, ಮೆದುಳು ಎಲ್ಲ ಹೋಲಿಸಿ ಇವುಗಳನ್ನ ಊಟದ ಪ್ರಕಾರ ವಿಂಗಡಿಸಿದ್ರು. ಮೀನು ತಿನ್ನೋವು, ಸೀಗಡಿ ಏಡಿ ತರದ್ದು ತಿನ್ನೋವು, ಹುಳ ಮತ್ತು ಚಿಪ್ಪಿನ ಜೀವಿ ತಿನ್ನೋವು. ಮೀನು ತಿನ್ನೋ ಜಾತಿಗಳಲ್ಲಿ ಮೆದುಳಿನ ದೃಷ್ಟಿಯ ಭಾಗ ದೊಡ್ಡದು, ಸೋಲ್ ತರದವುಗಳಲ್ಲಿ ವಾಸನೆಯ ಭಾಗಕ್ಕೆ ತೂಕ ಜಾಸ್ತಿ. ಅಂದ್ರೆ ಒಂದೇ ಎರೆ ಮುಂದೆ ಒಂದು ಜಾತಿ ನೋಡ್ತಾ ಕೂತಿರತ್ತೆ, ಇನ್ನೊಂದು ಮೂಸ್ತಾ ಇರತ್ತೆ.

ಟರ್ಬಟ್, ಬ್ರಿಲ್, ಹ್ಯಾಲಿಬಟ್, ಆಮೇಲೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಫ್ಲೂಕ್ ಅಂತ ಕರೆಯೋ ಬೇಸಿಗೆ ಫ್ಲೌಂಡರ್, ಇವೆಲ್ಲ ದೊಡ್ಡ ಬಾಯಿಯ ಬೇಟೆಗಾರರು. ಬಾಯಿ ಅಗಲ ತೆರೆಯತ್ತೆ, ಎರಡೂ ಕಡೆ ಹಲ್ಲು ಚೆನ್ನಾಗಿರ್ತವೆ, ಓಡೋ ಮೀನನ್ನ ಅಟ್ಟಿಸ್ಕೊಂಡು ಹೋಗ್ತವೆ. ಅಟ್ಲಾಂಟಿಕ್ ಹ್ಯಾಲಿಬಟ್ 4 ಮೀಟರ್ ದಾಟಿ 300 ಕಿಲೋಗೂ ಮೇಲೆ ಬೆಳೆಯತ್ತೆ, ಅಷ್ಟು ದೊಡ್ಡ ಪ್ರಾಣಿ ಬರೀ ಹುಳ ಹೆಕ್ಕಿ ಬದುಕೋಕಾಗಲ್ಲ ಅನ್ನೋದು ಯಾರಿಗಾದ್ರೂ ಅರ್ಥ ಆಗತ್ತೆ.

ಪ್ಲೇಸ್ ಮೀನು, ಡ್ಯಾಬ್, ಚಳಿಗಾಲದ ಫ್ಲೌಂಡರ್ ಅನ್ನೋ ಬೇರೆ ಜಾತಿ, ಇವುಗಳ ಬಾಯಿ ಪುಟ್ಟದು, ಸ್ವಲ್ಪ ಸೊಟ್ಟ. ಕಚ್ಚೋ ಹಲ್ಲು ಜಾಸ್ತಿ ಇರೋದು ಕುರುಡು ಮಗ್ಗುಲ ಕಡೆಯ ದವಡೆಯಲ್ಲಿ, ಅಂದ್ರೆ ನೆಲದ ಕಡೆ. ಊಟ ನೆಲದಲ್ಲಿದೆ, ಹಲ್ಲೂ ಆ ಕಡೆನೇ. ಪ್ಲೇಸ್ ಮೀನಿಗೆ ಗಂಟಲಲ್ಲಿ ಇನ್ನೊಂದು ಸೆಟ್ ಚಪ್ಪಟೆ ಹಲ್ಲಿರತ್ತೆ, ಸಣ್ಣ ಚಿಪ್ಪುಗಳನ್ನ ಪುಡಿ ಮಾಡೋಕೆ.

ಸೋಲ್ ಕಥೆ ಬೇರೆನೇ. ಹಗಲೆಲ್ಲ ಮರಳಲ್ಲಿ ಹೂತ್ಕೊಂಡು ಮಲಗಿ ರಾತ್ರಿ ಊಟಕ್ಕೆ ಹೊರಡತ್ತೆ. ತಲೆಯ ಕೆಳಭಾಗದಲ್ಲಿ, ನೆಲಕ್ಕೆ ತಾಗೋ ಕಡೆ, ಸಣ್ಣ ಸಣ್ಣ ಎಳೆಗಳ ತರದ ಸ್ಪರ್ಶದ ಗಂಟುಗಳು ತುಂಬಿರ್ತವೆ, ಅದರಿಂದ ನೆಲ ಮುಟ್ಟಿ ಮುಟ್ಟಿ ಹುಡುಕತ್ತೆ.

## ಮೊದಲು ಸುಳಿವು ಸಿಗಬೇಕು

ಪೆಸಿಫಿಕ್ ಹ್ಯಾಲಿಬಟ್ ಮೇಲೆ ಟ್ಯಾಂಕುಗಳಲ್ಲಿ ಪ್ರಯೋಗ ಮಾಡಿದ ಅಮೆರಿಕದ ಆಲನ್ ಸ್ಟೋನರ್ ಎರೆಗೆ ಮೀನು ಬರೋದನ್ನ ಮೂರು ಹಂತವಾಗಿ ನೋಡಿದ್ರು: ಎರೆ ಇದೆ ಅಂತ ಗೊತ್ತಾಗೋದು, ಎಲ್ಲಿದೆ ಅಂತ ಪತ್ತೆ ಮಾಡೋದು, ಆಮೇಲೆ ಬಾಯಿ ಹಾಕೋದು. ಈ ಮೂರು ಹಂತ ತಲೆಯಲ್ಲಿ ಇಟ್ಕೊಂಡ್ರೆ ಮಿಕ್ಕಿದ್ದು ಸುಲಭ. ನಾವು ಮೇಲಿಂದ ಕಚ್ಚಿತು ಅಂತ ತಿಳ್ಕೊಳೋದು ಮೂರನೇದನ್ನ ಮಾತ್ರ, ಕ್ಯಾಮೆರಾದಲ್ಲಿ ಕಾಣೋದು ಬಹುಪಾಲು ಎರಡನೇದು, ಮೊದಲನೇದು ಎಲ್ಲಿ ನಡೀತು ಅಂತ ಯಾರಿಗೂ ಕಾಣಲ್ಲ.

ಮೊದಲ ಸುಳಿವು ಸಾಮಾನ್ಯವಾಗಿ ವಾಸನೆ. ಎರೆಯಿಂದ ಅಮೈನೋ ಆಸಿಡ್‌ಗಳು, ಇನ್ನೂ ಕೆಲವು ಸಣ್ಣ ರಾಸಾಯನಿಕಗಳು ನೀರಿಗೆ ಸೋರ್ತಾ ಇರ್ತವೆ, ಹರಿವು ಅದನ್ನ ಹೊತ್ಕೊಂಡು ಹೋಗತ್ತೆ. ಗಾಳಿ ಬೀಸೋವಾಗ ಸೌದೆ ಒಲೆಯ ಹೊಗೆ ಒಂದು ಕಡೆಗೇ ಎಳ್ಕೊಂಡು, ನಡುನಡುವೆ ಕಡಿದು, ಸುರುಳಿ ಸುತ್ಕೊಂಡು ಹೋಗತ್ತಲ್ಲ, ವಾಸನೆಯ ಜಾಡು ನೀರಲ್ಲಿ ಹಾಗೇ ಇರತ್ತೆ. ಎರೆಯ ಹರಿವಿನ ಕೆಳಗಡೆ ಇರೋ ಮೀನಿಗೆ ನೂರಾರು ಅಡಿ ದೂರದಿಂದ್ಲೂ ಸುಳಿವು ಸಿಗಬಹುದು, ಮೇಲ್ಗಡೆ ನಾಲ್ಕಡಿ ದೂರದಲ್ಲಿ ಮಲಗಿರೋ ಮೀನಿಗೆ ಏನೂ ಗೊತ್ತಾಗಲ್ಲ. ಜಾಡು ಸಿಕ್ಕ ಮೀನು ಹರಿವಿಗೆ ಎದುರಾಗಿ ಮುಖ ತಿರುಗಿಸಿ ಮುಂದೆ ಹೋಗತ್ತೆ, ವಾಸನೆ ಕಡಿದು ಹೋದ್ರೆ ಆ ಕಡೆ ಈ ಕಡೆ ಓಲಾಡಿ ಮತ್ತೆ ಹಿಡ್ಕೊಳೋಕೆ ನೋಡತ್ತೆ. ನೀರು ಪೂರ್ತಿ ನಿಂತಾಗ ಜಾಡೇ ಹುಟ್ಟಲ್ಲ, ವಾಸನೆ ಎರೆಯ ಸುತ್ತಲೇ ಇರತ್ತೆ.

ಯಾವ ವಾಸನೆ ಅನ್ನೋದರಲ್ಲಿ ಒಂದು ಚಂದದ ಸಂಗತಿ ಇದೆ. 1970ರ ದಶಕದ ಕೊನೇಲಿ ಮತ್ತು 1980ರ ಹೊತ್ತಿಗೆ ಸ್ಕಾಟ್‌ಲ್ಯಾಂಡಿನ ಅಬರ್ಡೀನ್‌ನಲ್ಲಿ ಮ್ಯಾಕೀ ಮತ್ತು ಜೊತೆಗಾರರು ಎಳೆ ಮೀನುಗಳಿಗೆ ಒಂದೊಂದೇ ರಾಸಾಯನಿಕ ಹಾಕಿದ ಆಹಾರ ಕೊಟ್ಟು ನೋಡಿದ್ರು. ಟರ್ಬಟ್ ಬಾಯಿ ಹಾಕಿದ್ದು ಇನೋಸಿನ್ ಮತ್ತು ಇನೋಸಿನ್ ಮಾನೋಫಾಸ್ಫೇಟ್‌ಗೆ. ಮೀನು ಸತ್ತಮೇಲೆ ಅದರ ಮಾಂಸದಲ್ಲಿ ಶಕ್ತಿಯ ಅಣುಗಳು ಒಡೆದು ತಯಾರಾಗೋದು ಇದೇ ವಸ್ತು. ಸೋಲ್ ಮಾತ್ರ ಗ್ಲೈಸಿನ್ ಬೀಟೇನ್‌ಗೆ ಒಲೀತು, ಇದು ಸಮುದ್ರದ ಹುಳ, ಚಿಪ್ಪಿನ ಜೀವಿ, ಸೀಗಡಿಗಳ ಮೈಯಲ್ಲಿ ಧಾರಾಳವಾಗಿ ಇರತ್ತೆ. ಮೀನು ತಿನ್ನೋ ಟರ್ಬಟ್‌ಗೆ ಮೀನಿನ ರುಚಿ, ಹುಳ ತಿನ್ನೋ ಸೋಲ್‌ಗೆ ಹುಳದ ರುಚಿ. ಹಾಗಾಗಿ ಸೋಲ್ ಇರೋ ಜಾಗದಲ್ಲಿ ಬಂಗುಡೆ ತುಂಡು ಹಾಕಿ ರಾತ್ರಿಯಿಡೀ ಕಾದ್ರೆ ತಪ್ಪು ಮೀನಿನದ್ದಲ್ಲ.

ಎರೆಯ ವಾಸನೆ ಬಹಳ ಹೊತ್ತು ಇರಲ್ಲ ಅನ್ನೋದೂ ನೆನಪಿರಲಿ. ನೀರಿಗೆ ಬಿದ್ದ ತಕ್ಷಣ ಸೋರೋದು ಜೋರಾಗಿರತ್ತೆ, ಮೊದಲ ಒಂದೆರಡು ಗಂಟೆಯಲ್ಲೇ ಅದು ಬಹಳ ಇಳಿದುಬಿಡತ್ತೆ. ಕೊಕ್ಕೆಯಲ್ಲಿ ಎರೆ ಪೂರ್ತಿ ಇದೆ, ನೋಡೋಕೆ ಚೆನ್ನಾಗಿದೆ, ಆದ್ರೆ ಬಿಳಿಚ್ಕೊಂಡು ಸಪ್ಪೆಯಾಗಿರತ್ತೆ. ಕಣ್ಣಿಂದ ಬೇಟೆಯಾಡೋ ಮೀನು ಅದನ್ನೂ ಹಿಡೀಬಹುದು, ಮೂಗಿಂದ ಬರೋ ಮೀನಿಗೆ ಅದು ಇಲ್ಲದ ಲೆಕ್ಕ.

## ಹತ್ತಿರ ಬಂದಮೇಲೆ ಏನು ಮಾಡತ್ತೆ

ಈಗ ಕ್ಯಾಮೆರಾದಲ್ಲಿ ಕಾಣೋ ಭಾಗ. ಮೂರು ತರದ ಮೀನು ಮೂರು ತರ ಬರತ್ತೆ.

ಪ್ಲೇಸ್ ಮೀನು ಹಗಲಿನ ಮೀನು, ಕೊನೆಯ ಕೆಲವು ಅಡಿ ಕಣ್ಣಿಂದಾನೇ ನಡೆಸ್ಕೊಳತ್ತೆ. ಸ್ವಲ್ಪ ಈಜತ್ತೆ, ನೆಲಕ್ಕೆ ಕೂರತ್ತೆ, ಸುತ್ತ ನೋಡತ್ತೆ, ಮತ್ತೆ ಸ್ವಲ್ಪ ಈಜತ್ತೆ. ಇಷ್ಟ ಆಗಿದ್ದು ಕಂಡ್ರೆ ಅಂಚಿನ ರೆಕ್ಕೆಗಳನ್ನ ಊರಿ ತಲೆ ಮತ್ತು ಮೈಯ ಮುಂಭಾಗ ನೆಲದಿಂದ ಮೇಲೆತ್ತತ್ತೆ, ಎರಡೂ ಕಣ್ಣು ಆ ಕಡೆ ತಿರುಗತ್ತೆ, ಹಾಗೇ ಒಂದು ಕ್ಷಣ ಅಲ್ಲಾಡದೆ ನಿಲ್ಲತ್ತೆ. ಆಮೇಲೆ ಓರೆಯಾಗಿ ಮುಂದಕ್ಕೆ ಕೆಳಕ್ಕೆ ಒಂದು ಜಿಗಿತ, ಬಾಯಿ ಕೊಳವೆಯಾಗಿ ಮುಂದೆ ಚಾಚತ್ತೆ, ಒಳಗೆ ಎಳ್ಕೊಳತ್ತೆ, ಜೊತೆಗೆ ಬಂದ ಮರಳು ಕಿವಿರಿನ ಬದಿಯಿಂದ ಹೊಗೆಯಾಗಿ ಹೊರಗೆ ಬರತ್ತೆ. ಇಷ್ಟೂ ಒಂದು ಸೆಕೆಂಡೂ ಆಗಲ್ಲ. ವಿಡಿಯೋದಲ್ಲಿ ಮೀನು ತಲೆ ಎತ್ತಿ ನಿಂತಿದ್ದು ಕಂಡ್ರೆ ಅದು ಹೆದರಿದ್ದಲ್ಲ, ಅಳೀತಾ ಇರೋದು.

ಸೋಲ್ ಹತ್ರ ಈ ಜಿಗಿತ ಗಿಗಿತ ಏನೂ ಇಲ್ಲ. ಅಂಚಿನ ರೆಕ್ಕೆಗಳ ಮೇಲೆ ತೆವಳ್ತಾ, ತಲೆಯ ಕೆಳಭಾಗದಿಂದ ನೆಲವನ್ನ ತಟ್ಟಿ ತಟ್ಟಿ ನೋಡ್ತಾ ಬರತ್ತೆ. ಎರೆಗೆ ತಲೆ ತಾಗೋ ತನಕ ಅದಕ್ಕೆ ಎರೆ ಅಲ್ಲಿದೆ ಅನ್ನೋದು ಪಕ್ಕಾ ಆಗಿರಲ್ಲ, ಕೆಲವು ಸಲ ಒಂದಿಂಚು ಪಕ್ಕದಲ್ಲೇ ಹಾದು ಹೋಗಿಬಿಡತ್ತೆ. ಸೋಲ್‌ಗೆ ಅಂತ ಗಾಳ ಹಾಕೋರು ಎರೆ ನೆಲಕ್ಕೆ ಅಂಟ್ಕೊಂಡು ಅಲ್ಲಾಡದೆ ಬಿದ್ದಿರಬೇಕು ಅಂತ ಪಟ್ಟು ಹಿಡಿಯೋದು ಇದಕ್ಕೇ.

ಟರ್ಬಟ್ ಮತ್ತು ಬೇಸಿಗೆ ಫ್ಲೌಂಡರ್ ಕಾದು ಕೂರ್ತವೆ. ಮುಂದೆ ಏನಾದ್ರೂ ಹಾದು ಹೋದ್ರೆ ಕಣ್ಣು ಅದರ ಹಿಂದೇನೇ ಹೋಗತ್ತೆ, ದೂರ ಸರಿಯಾಗಿದೆ ಅನ್ನಿಸಿದ ಕೂಡ್ಲೇ ಇಡೀ ಮೈಯನ್ನ ಒಂದು ಬೀಸಲ್ಲಿ ಬಡಿದು ಏಳ್ತವೆ. ಬೇಸಿಗೆ ಫ್ಲೌಂಡರ್ ಬೇಟೆಯನ್ನ ಅಟ್ಟಿಸ್ಕೊಂಡು ನೀರಿನ ಮೇಲ್ಮೈ ತನಕ ಬಂದಿದ್ದೂ ಉಂಟು, ಮೀನು ತಳದ್ದು ಅಂದ ಮಾತ್ರಕ್ಕೆ ತಳ ಬಿಡಲ್ಲ ಅಂತ ಅಲ್ಲ. ಈ ಜಾತಿಗಳಿಗೆ ಬಿದ್ದಲ್ಲೇ ಬಿದ್ದಿರೋ ಎರೆಗಿಂತ ತಳ ಸವರ್ಕೊಂಡು ನಿಧಾನಕ್ಕೆ ಚಲಿಸೋ ಎರೆ ಮೇಲು, ಅದಕ್ಕೇ ಇವನ್ನ ಹಿಡಿಯೋರು ದೋಣಿಯನ್ನ ಹರಿವಿನ ಜೊತೆ ತೇಲಿಬಿಟ್ಟು ಎರೆ ಎಳ್ಕೊಂಡು ಹೋಗ್ತಾರೆ.

## ತುದಿ ಮಾತ್ರ ಕಚ್ಚಿ ಹೋಗೋದು ಯಾಕೆ

ಇದು ಎಲ್ಲರ ಗೋಳು. ಎಳೆದು ನೋಡಿದ್ರೆ ಹುಳದ ಬಾಲ ಇಲ್ಲ, ಕೊಕ್ಕೆ ಹತ್ರ ಇರೋ ದಪ್ಪ ಭಾಗ ಹಾಗೇ ಇದೆ. ಮೀನು ಚಾಲಾಕಿ, ಕೊಕ್ಕೆ ನೋಡ್ಬಿಟ್ಟಿದೆ ಅಂತ ಎಲ್ಲರೂ ಅಂತಾರೆ. ನಿಜವಾದ ಕಾರಣ ಇನ್ನೂ ಸ್ವಾರಸ್ಯವಾಗಿದೆ.

ಎಳೆ ಪ್ಲೇಸ್ ಮೀನು ಮತ್ತು ಫ್ಲೌಂಡರ್‌ಗಳು ಕೆಸರು ಬಯಲಿನಲ್ಲಿ ಬದುಕೋ ರೀತಿ ನೋಡಿ. ಅಲ್ಲಿ ಲಗ್‌ವರ್ಮ್ ಅನ್ನೋ ದಪ್ಪ ಹುಳ ಯು ಆಕಾರದ ಬಿಲದಲ್ಲಿ ಇರತ್ತೆ, ಇಡೀ ಹುಳ ಮೇಲೆ ಬರೋದೇ ಇಲ್ಲ, ಆಗಾಗ ಬಾಲದ ತುದಿಯನ್ನ ಮಾತ್ರ ನೆಲದ ಮಟ್ಟಕ್ಕೆ ತಂದು ತಿಂದ ಮರಳನ್ನ ಹೊರಗೆ ಹಾಕತ್ತೆ, ಕೆಸರು ಬಯಲಲ್ಲಿ ಸುರುಳಿ ಸುರುಳಿ ಮಣ್ಣಿನ ಗುಪ್ಪೆ ಕಾಣೋದು ಅದೇ. ಆ ಕೆಲವು ಕ್ಷಣದಲ್ಲಿ ಎಳೆ ಮೀನು ಬಂದು ಬಾಲದ ತುದಿ ಕತ್ತರಿಸ್ಕೊಂಡು ಹೋಗತ್ತೆ. ಹುಳ ಸಾಯಲ್ಲ, ಒಳಗೆ ಹೋಗಿ ಮತ್ತೆ ಹೊರಗೆ ಬರತ್ತೆ. ಚಿಪ್ಪಿನ ಜೀವಿಗಳು ನೀರು ಹೀರೋಕೆ ಮೇಲೆ ಚಾಚೋ ಕೊಳವೆಯ ತುದಿನೂ ಇವು ಹೀಗೇ ಕಡೀತವೆ, ಅದು ಮತ್ತೆ ಬೆಳೆಯತ್ತೆ. ಪ್ಲೇಸ್ ಮೀನಿನ ಬಾಲ್ಯದ ಊಟದ ದೊಡ್ಡ ಪಾಲು ಇಂಥ ತುದಿಗಳೇ.

ಅಂದ್ರೆ ಹೊರಗೆ ಚಾಚಿರೋ ತುದಿ ಹಿಡಿದು ಕಿತ್ತು, ಹಿಂದೆ ಸರಿದು, ನುಂಗಿ, ಮತ್ತೆ ಬರೋದು ಈ ಮೀನಿನ ರೂಢಿ. ಕೊಕ್ಕೆಯಿಂದ ಎರಡಿಂಚು ನೇತಾಡೋ ಹುಳದ ಬಾಲ ಕಂಡ್ರೆ ಅದು ಅದೇ ಕೆಲಸ ಮಾಡತ್ತೆ. ನಮ್ಮ ರಾಡ್ ತುದಿಯಲ್ಲಿ ಬರೋ ಟಕ್ ಟಕ್ ಅನ್ನೋ ಸಣ್ಣ ಹೊಡೆತ ಬಹುಪಾಲು ಈ ಕೀಳೋ ಹಂತ. ಆಗ್ಲೇ ಜೋರಾಗಿ ಎಳೆದ್ರೆ ಬಾಯಲ್ಲಿ ಕೊಕ್ಕೆ ಇರೋದೇ ಇಲ್ಲ. ಸ್ವಲ್ಪ ದಾರ ಸಡಿಲ ಬಿಟ್ಟು ಕಾದ್ರೆ ಎರಡನೇ ಸಲ, ಮೂರನೇ ಸಲ ಬಂದು ಮಿಕ್ಕಿದ್ದನ್ನ ಒಳಗೆ ಎಳ್ಕೊಳೋ ಸಾಧ್ಯತೆ ಇದೆ. ಅನುಭವ ಇರೋರು ಕಾಯಿ ಅನ್ನೋದು ಬರೀ ಸಮಾಧಾನಕ್ಕಲ್ಲ.

ಬೇಸಿಗೆ ಫ್ಲೌಂಡರ್ ಮಾಡೋದು ನೋಡೋಕೆ ಇದೇ ತರ ಇದ್ರೂ ಕಾರಣ ಬೇರೆ. ಅದು ಓಡೋ ಮೀನಿನ ಹಿಂದೆ ಬಂದು ಬಾಲದ ಕಡೆಯಿಂದ ಹಿಡಿಯತ್ತೆ, ಹಿಡಿದದ್ದನ್ನ ಸ್ವಲ್ಪ ದೂರ ಹೊತ್ಕೊಂಡು ಹೋಗಿ ಆಮೇಲೆ ನುಂಗತ್ತೆ. ಉದ್ದ ಸ್ಕ್ವಿಡ್ ಪಟ್ಟಿ ಹಾಕಿ ಕೊಕ್ಕೆಯನ್ನ ಮುಂದಿನ ತುದೀಲಿ ಮಾತ್ರ ಚುಚ್ಚಿದ್ರೆ ಹಿಂದಿನ ಅರ್ಧ ಹೋಗಿರತ್ತೆ. ಇದಕ್ಕೆ ಕೆಲವರು ಹಿಂದೆ ಇನ್ನೊಂದು ಕೊಕ್ಕೆ ಕಟ್ತಾರೆ, ಕೆಲವರು ಪಟ್ಟಿ ಚಿಕ್ಕದು ಮಾಡ್ತಾರೆ.

ಎಲ್ಲ ಕಳ್ಳತನವೂ ಚಪ್ಪಟೆ ಮೀನಿನದ್ದೇ ಅಂತಲೂ ಅಲ್ಲ. ಕೊಕ್ಕೆ ಪೂರ್ತಿ ಖಾಲಿ, ಎರೆಯ ಚೂರುಗಳು ಅಂಚಲ್ಲಿ ಜಜ್ಜಿದ ಹಾಗಿದ್ರೆ ಅದು ಹೆಚ್ಚಾಗಿ ಏಡಿಯ ಕೆಲಸ.

## ನೋಡಿಯೂ ಬಿಟ್ಟು ಹೋಗೋದು

ಸ್ಟೋನರ್ ಪ್ರಯೋಗಗಳು ಇಲ್ಲಿ ಮತ್ತೆ ಉಪಯೋಗಕ್ಕೆ ಬರ್ತವೆ. ಹಸಿದ ಹ್ಯಾಲಿಬಟ್ ಬೇಗ ಪತ್ತೆ ಮಾಡ್ತು, ಬೇಗ ಬಾಯಿ ಹಾಕ್ತು, ಹೊಟ್ಟೆ ತುಂಬಿದ್ದು ಅದೇ ಎರೆ ಮುಂದೆ ತಡ ಮಾಡ್ತು. ಬೆಳಕು ತೆಗೆದಾಗ ವಾಸನೆಯ ಸುಳಿವು ಸಿಕ್ರೂ ಎರೆ ಇರೋ ಜಾಗ ಗುರುತಿಸೋದು ಕಷ್ಟ ಆಯ್ತು, ತೀರಾ ಹತ್ತಿರ ಬರಬೇಕಾಯ್ತು. ನೀರು ತಣ್ಣಗೆ ಮಾಡಿದಾಗ ಮೀನಿನ ಓಡಾಟ ಇಳೀತು, ಎರೆ ಸಿಗೋಕೆ ಹೆಚ್ಚು ಹೊತ್ತು ಹಿಡೀತು. ಮೀನಿನ ಮೈ ಬಿಸಿ ನೀರಿನ ಬಿಸಿಯಷ್ಟೇ ಇರೋದರಿಂದ ತಣ್ಣೀರಲ್ಲಿ ಜೀರ್ಣ ಆಗೋದು ನಿಧಾನ, ಹಸಿವಾಗೋದೂ ನಿಧಾನ. ಇದರಲ್ಲಿ ಮೀನುಗಾರಿಕೆ ಲೆಕ್ಕ ಹಾಕೋರಿಗೂ ಒಂದು ಪಾಠ ಇತ್ತು, ಎರೆ ಹಾಕಿ ಸಿಕ್ಕ ಮೀನಿನ ಸಂಖ್ಯೆಯಿಂದ ಸಮುದ್ರದಲ್ಲಿ ಎಷ್ಟಿದೆ ಅಂತ ಅಂದಾಜು ಮಾಡಿದ್ರೆ ತಣ್ಣೀರಿನ ವರ್ಷ ಮೀನು ಕಡಿಮೆ ಇದೆ ಅಂತ ತಪ್ಪು ತಿಳ್ಕೊಳೋ ಅಪಾಯ ಇದೆ.

ಮೊಟ್ಟೆಯ ಕಾಲವೂ ಹೀಗೇ. ಉತ್ತರ ಸಮುದ್ರದ ಪ್ಲೇಸ್ ಮೀನು ಡಿಸೆಂಬರ್‌ನಿಂದ ಮಾರ್ಚ್ ನಡುವೆ ಮೊಟ್ಟೆ ಇಡತ್ತೆ, ಆ ದಿನಗಳಲ್ಲಿ ಊಟ ಬಹುತೇಕ ನಿಲ್ಲಿಸಿರತ್ತೆ. ಆಗ ಅದರ ಮೂಗಿನ ಮುಂದೆ ಏನಿಟ್ರೂ ಅಷ್ಟೇ. ವಸಂತದಲ್ಲಿ ತೆಳ್ಳಗಾಗಿ, ಹಸಿದು, ದಡದ ಕಡೆ ಬಂದಾಗ ಅದೇ ಮೀನು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕತ್ತೆ.

ಇನ್ನು ಎರೆ ನಡ್ಕೊಳೋ ರೀತಿ. ಹರಿವಲ್ಲಿ ಎರೆ ಗಿರಗಿರ ತಿರುಗ್ತಾ ಇದ್ರೆ, ಇಲ್ಲ ಮೀನು ಹಿಡಿದ ಕೂಡ್ಲೇ ಸೀಸದ ಗುಂಡಿನ ಭಾರ ಬಾಯಿಗೆ ತಾಗಿದ್ರೆ ಮೀನು ಉಗಿದುಬಿಡತ್ತೆ. ಹೀರ್ಕೊಳೋ ಬಾಯಿಗೆ ಉಗಿಯೋದೂ ಅಷ್ಟೇ ಸುಲಭ, ಮರಳು ಚಿಪ್ಪು ಉಗೀತಾನೇ ಬದುಕೋ ಮೀನು ಅದು. ಗುಂಡಿನಿಂದ ಕೊಕ್ಕೆಗೆ ಸ್ವಲ್ಪ ಉದ್ದ ದಾರ ಇಟ್ರೆ, ದಾರ ಗುಂಡಿನ ಮೂಲಕ ಜಾರೋ ಹಾಗೆ ಕಟ್ಟಿದ್ರೆ ಭಾರ ತಕ್ಷಣ ತಾಗಲ್ಲ.

## ಮಣಿ, ಚಮಚ, ಮರಳಿನ ಹೊಗೆ

ಪ್ಲೇಸ್ ಮೀನು ಫ್ಲೌಂಡರ್ ಹಿಡಿಯೋರು ಎರೆಯ ಮೇಲೆ ಬಣ್ಣಬಣ್ಣದ ಮಣಿ ಪೋಣಿಸ್ತಾರೆ, ಹೊಳೆಯೋ ತಗಡಿನ ಚಮಚ ಕಟ್ತಾರೆ. ನೋಡೋರಿಗೆ ಇದು ಅಲಂಕಾರ ಅನ್ಸತ್ತೆ. ಆದ್ರೆ ಕಣ್ಣಿಂದ ಹುಡುಕೋ ಮೀನಿನ ಗಮನ ಸೆಳೆಯೋಕೆ ಹೊಳಪು, ಅಲುಗಾಟ ಸಾಕು, ಕುತೂಹಲಕ್ಕೆ ಹತ್ತಿರ ಬಂದ ಮೀನಿಗೆ ಅಲ್ಲೇ ಎರೆಯ ವಾಸನೆ ಸಿಗತ್ತೆ. ಅಂದ್ರೆ ಮಣಿ ಮೀನನ್ನ ಹತ್ತಿರ ಕರೆಯತ್ತೆ, ಬಾಯಿ ತೆರೆಸೋದು ಎರೆ. ಕೆಂಪು ಮಣಿನೋ ಹಸಿರು ಮಣಿನೋ ಅಂತ ನಡೆಯೋ ವಾದದಲ್ಲಿ ನನಗೆ ಅಷ್ಟೇನೂ ನಂಬಿಕೆ ಇಲ್ಲ, ಆಳಕ್ಕೆ ಹೋದಷ್ಟೂ ಕೆಂಪು ಮೊದಲೇ ಮಾಯ ಆಗೋದರಿಂದ ಸ್ವಲ್ಪ ಆಳದಲ್ಲಿ ಆ ಕೆಂಪು ಮಣಿ ಬರೀ ಕಪ್ಪು.

ಮರಳಿನ ಹೊಗೆಗೆ ಇದಕ್ಕಿಂತ ಜಾಸ್ತಿ ಬೆಲೆ ಇದೆ. ಸೀಸದ ಗುಂಡು ತಳ ಉಜ್ಜಿ ಸಣ್ಣ ಸಣ್ಣ ಮರಳಿನ ಮೋಡ ಎಬ್ಬಿಸಿದ್ರೆ, ಅದು ಬಿಲದಿಂದ ಏನೋ ಹೊರಗೆ ಬಂತು ಅನ್ನೋದಕ್ಕೂ ಇನ್ನೊಂದು ಮೀನು ಅಲ್ಲಿ ಊಟ ಮಾಡ್ತಿದೆ ಅನ್ನೋದಕ್ಕೂ ಹೋಲತ್ತೆ. ತಳದಲ್ಲಿ ಹುಡುಕಿ ತಿನ್ನೋ ಮೀನಿಗೆ ಎರಡೂ ಒಳ್ಳೇ ಸುದ್ದಿನೇ. ಆಗಾಗ ದಾರವನ್ನ ಒಂದಡಿ ಎಳೆದು ಬಿಡಿ ಅಂತ ಹೇಳೋದರ ಹಿಂದಿರೋದು ಇದೇ. ಸೋಲ್‌ಗೆ ಮಾತ್ರ ಈ ಆಟ ನಡೆಯಲ್ಲ, ರಾತ್ರಿ ಹೊತ್ತು ತಟ್ಟಿ ತಟ್ಟಿ ಬರ್ತಿರೋ ಮೀನಿನ ಮುಂದಿಂದ ಎರೆ ಎಳೆದುಬಿಟ್ರೆ ಅದು ಮತ್ತೆ ಮೊದಲಿಂದ ಹುಡುಕಬೇಕು.

## ಉಬ್ಬರ ಇಳಿತದ ಲೆಕ್ಕ

ಉಬ್ಬರದ ನೀರು ಮೇಲೇರ್ತಾ ಇದ್ದ ಹಾಗೆ ಎಳೆ ಪ್ಲೇಸ್ ಮೀನು, ಫ್ಲೌಂಡರ್‌ಗಳು ಆ ನೀರಿನ ಅಂಚಿನ ಜೊತೆನೇ ಕೆಸರು ಬಯಲಿಗೆ ಬಂದು ಮೇಯ್ತವೆ, ಇಳಿತಕ್ಕೆ ವಾಪಸ್ ಆಗ್ತವೆ. ಹಾಗಾಗಿ ದಡದಿಂದ ಬಹಳ ದೂರ ಎಸೆಯೋರು ಎಷ್ಟೋ ಸಲ ಮೀನುಗಳ ತಲೆ ಮೇಲಿಂದ ಎಸೀತಾ ಇರ್ತಾರೆ.

ದೊಡ್ಡ ಪ್ಲೇಸ್ ಮೀನುಗಳದ್ದು ಇನ್ನೂ ಜಾಣತನ. ಉತ್ತರ ಸಮುದ್ರದ ದಕ್ಷಿಣ ಭಾಗದಲ್ಲಿ ಮೀನಿಗೆ ಸಿಗ್ನಲ್ ಕಳಿಸೋ ಉಪಕರಣ ಕಟ್ಟಿ ಹಿಂಬಾಲಿಸಿದಾಗ, ತಾವು ಹೋಗಬೇಕಾದ ದಿಕ್ಕಿಗೆ ಹರಿವು ಇದ್ದಾಗ ಅವು ತಳ ಬಿಟ್ಟು ನಡುನೀರಿಗೆ ಎದ್ದು ಸಾಗಿದ್ವು, ಹರಿವು ತಿರುಗಿದ ಕೂಡ್ಲೇ ತಳಕ್ಕಿಳಿದು ಮಲಗಿದ್ವು. ಈಜೋ ಖರ್ಚಿಲ್ಲದೆ ಪ್ರಯಾಣ. ಹರಿವು ತೀರಾ ಜೋರಾದಾಗ ತಳದಲ್ಲಿ ಮಲಗಿರೋ ಮೀನು ಮೈಯನ್ನ ನೆಲಕ್ಕೆ ಒತ್ತಿ ಹಿಡ್ಕೊಂಡಿರತ್ತೆ, ಆಗ ಎದ್ದು ಎರೆ ಹುಡುಕೋದು ದುಬಾರಿ. ನೀರು ಪೂರ್ತಿ ನಿಂತಾಗ ವಾಸನೆಯ ಜಾಡಿಲ್ಲ. ಇವೆರಡರ ನಡುವಿನ ಹೊತ್ತು, ಹರಿವು ಶುರುವಾಗಿ ಇನ್ನೂ ರಭಸ ಹಿಡಿಯದೇ ಇರೋವಾಗ, ಇಲ್ಲ ರಭಸ ಇಳೀತಾ ಬಂದಾಗ, ಎರೆಗೆ ಮೀನು ಬರೋಕೆ ಅನುಕೂಲ. ಜಾಗದಿಂದ ಜಾಗಕ್ಕೆ ಇದು ಬದಲಾಗತ್ತೆ, ಆದ್ರೆ ಕಾರಣ ಗೊತ್ತಿದ್ರೆ ಹೊಸ ಜಾಗದಲ್ಲೂ ಲೆಕ್ಕ ಹಾಕಬಹುದು.

## ಕೊಕ್ಕೆ ಎಲ್ಲಿ ಸಿಗತ್ತೆ, ಬಿಡೋದು ಹೇಗೆ

ಹೀರ್ಕೊಂಡು ನುಂಗೋ ಬಾಯಿ ಅಂದ್ರೆ ಒಂದು ತೊಂದರೆ ಇದೆ, ಹೆಚ್ಚು ಹೊತ್ತು ಬಿಟ್ರೆ ಕೊಕ್ಕೆ ಗಂಟಲಿಗೆ ಹೋಗಿರತ್ತೆ. ಮೇಲೆ ಕಾಯಿ ಅಂತ ಹೇಳಿದ್ದಕ್ಕೂ ಇದಕ್ಕೂ ಜಗಳ ಇದೆ ಅನ್ನೋದು ನಿಜ, ಅದಕ್ಕೆ ಪೂರ್ತಿ ಪರಿಹಾರ ಇಲ್ಲ. ಪುಟ್ಟ ಬಾಯಿಯ ಜಾತಿಗಳಿಗೆ ಉದ್ದ ಕಡ್ಡಿಯ ಕೊಕ್ಕೆ ಬಳಸೋದು ಆ ಕಾರಣಕ್ಕೆ, ಒಳಗೆ ಹೋದ್ರೂ ಕಡ್ಡಿಯ ತುದಿ ಹೊರಗೆ ಸಿಗತ್ತೆ, ಹಿಡಿದು ತೆಗೀಬಹುದು. ದೊಡ್ಡ ಬಾಯಿಯವಕ್ಕೆ ತುದಿ ಒಳಕ್ಕೆ ಬಾಗಿರೋ ಸರ್ಕಲ್ ಹುಕ್ ಚೆನ್ನಾಗಿ ಕೆಲಸ ಮಾಡತ್ತೆ, ಮೀನು ನುಂಗಿ ತಿರುಗಿ ಹೋಗೋವಾಗ ಅದು ಜಾರಿ ಬಂದು ಬಾಯಿಯ ಮೂಲೇಲಿ ಸಿಕ್ಕೊಳತ್ತೆ. ಪೆಸಿಫಿಕ್ ಹ್ಯಾಲಿಬಟ್ ಹಿಡಿಯೋ ದೋಣಿಗಳು 1980ರ ದಶಕದ ಆರಂಭದಲ್ಲಿ ಇದಕ್ಕೆ ಬದಲಾದ್ವು, ಹಿಡಿತ ಎಷ್ಟು ಹೆಚ್ಚಿತು ಅಂದ್ರೆ ಹಳೇ ಕೊಕ್ಕೆಯ ಲೆಕ್ಕಕ್ಕೂ ಹೊಸದಕ್ಕೂ ತಾಳೆ ಹಾಕೋಕೆ ವಿಜ್ಞಾನಿಗಳು ಬೇರೆ ಲೆಕ್ಕಾಚಾರವನ್ನೇ ಮಾಡಬೇಕಾಯ್ತು. ಸರ್ಕಲ್ ಹುಕ್ ಹಾಕಿದಾಗ ರಾಡ್ ಜಗ್ಗಬಾರದು, ದಾರ ಬಿಗಿಯಾಗೋಕೆ ಬಿಟ್ಟು ಸುಮ್ನೆ ಸುತ್ತಬೇಕು, ಜಗ್ಗಿದ್ರೆ ಬಾಯಿಂದ ಆಚೆ ಬರತ್ತೆ.

ಚಿಕ್ಕ ಮೀನು ಸಿಕ್ಕಿ ಬಿಡಬೇಕು ಅಂದ್ರೆ ಇವುಗಳಲ್ಲಿ ಒಂದು ಅನುಕೂಲ ಇದೆ. ಈಜುಚೀಲ ಇಲ್ಲದ ಕಾರಣ ಆಳದಿಂದ ಮೇಲೆ ತಂದಾಗ ಒಳಗಿನ ಗಾಳಿ ಉಬ್ಬಿ ಹೊಟ್ಟೆ ಹೊರಗೆ ಬರೋ ಸಮಸ್ಯೆ ಇರಲ್ಲ, ಬಿಟ್ಟ ಕೂಡ್ಲೇ ತಳಕ್ಕೆ ಹೋಗತ್ತೆ. ಕೈ ಒದ್ದೆ ಮಾಡ್ಕೊಂಡು ಹಿಡೀರಿ, ಒಣ ಕೈಗೆ ಮೈಮೇಲಿನ ಲೋಳೆ ಕಿತ್ತು ಬರತ್ತೆ. ಕಣ್ಣಿಲ್ಲದ ಬಿಳಿ ಮಗ್ಗುಲು ಮೇಲೆ ಬರೋ ಹಾಗೆ ಒದ್ದೆ ಬಟ್ಟೆ ಮೇಲೆ ಮಲಗಿಸಿದ್ರೆ ಒದ್ದಾಟ ಕಡಿಮೆ ಆಗತ್ತೆ, ಆಗ ಕೊಕ್ಕೆ ತೆಗೆಯೋದು ಸುಲಭ. ಕೊಕ್ಕೆ ತೀರಾ ಒಳಗಿದ್ರೆ ಕೀಳೋಕೆ ಹೋಗಬೇಡಿ, ಬಾಯಿಯ ಹತ್ರ ದಾರ ಕತ್ತರಿಸಿ ಹಾಗೇ ನೀರಿಗೆ ಬಿಡಿ.